ಒಂದಿಂಚು ಟೈಲರ್ ಸೀಟು ಬದಲಿಸಿದ್ದು

ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಒಂದಿಂಚು ಅಂತ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇದ್ದೇ ಇರಬೇಕು, ಅದನ್ನು ಕೇಳಿದವರು ಮಾತ್ರ ಯಾರೂ ಇಲ್ಲ. ಮೂವತ್ತು ವರ್ಷದಿಂದ ಹೊಲಿಯುತ್ತಿದ್ದಾನೆ. ಅಂಗಿಯಾಗಲಿ, ಫ್ರಾಕಾಗಲಿ, ಕಿಟಕಿಯ ಪರದೆಯೇ ಆಗಲಿ, ಟೇಪು ಹಿಡಿದು ಅಳತೆ ತೆಗೆದವನೇ ಅದಕ್ಕೆ ಒಂದಿಂಚು ಸೇರಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. “ಮೈ ಬೆಳೆಯುತ್ತೆ, ಬಟ್ಟೆ ಕುಗ್ಗುತ್ತೆ. ಇವೆರಡರ ಮಧ್ಯೆ ಸಿಕ್ಕಿಹಾಕಿಕೊಳ್ಳೋನು ಟೈಲರ್,” ಅನ್ನುವುದು ಅವನ ವಾದ. ವಾದ ಸರಿಯೇ ಇತ್ತು. ಅವನು ಹೊಲಿದ ಅಂಗಿ ಬಿಗಿಯಾಯಿತು ಅಂತ ಯಾರೂ ವಾಪಸು ಬಂದದ್ದಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಆಚೆ ಎರಡು ಪುಟ್ಟ ಕೋಣೆ, ತುದಿಯಲ್ಲಿ ಬಚ್ಚಲು. ಅಂಗಡಿಗೂ ಅಡುಗೆಮನೆಗೂ ನಡುವಿನ ಬಾಗಿಲಲ್ಲಿ ಒಂದು ಮರದ ಸ್ಟೂಲು. ಈ ಸ್ಟೂಲಿನ ಆಚೆ ಅತ್ತೆ, ಈಚೆ ಅಳಿಯ.

ಅತ್ತೆ ಅಂದರೆ ಹೆಂಡತಿಯ ತಾಯಿ. ಮಗಳಿಗೆ ಕಾಯಿಲೆ ಅಂತ ನೋಡಿಕೊಳ್ಳಲು ಬಂದವರು. ಎರಡು ವರ್ಷದ ಹಿಂದೆ ಮಗಳು ತೀರಿಕೊಂಡಳು. ಮಕ್ಕಳಿರಲಿಲ್ಲ. ಮಣ್ಣು ಮಾಡಿ ಬಂದ ವಾರಕ್ಕೆ ನೆಂಟರೆಲ್ಲ ಸೇರಿ, “ಇನ್ನು ನಿಮಗೆ ಇಲ್ಲೇನು ಕೆಲಸ? ಮಗನ ಮನೆಗೆ ನಡೀರಿ,” ಅಂದರು. ಅತ್ತೆ ಕಣ್ಣೊರೆಸಿಕೊಂಡು, “ನಾನು ಹೋದ್ರೆ ಕಾಜಾ ಹಾಕೋರು ಯಾರು?” ಅಂದವರೇ ಸೂಜಿದಾರ ತೆಗೆದುಕೊಂಡು ಅಂಗಿಯೊಂದಕ್ಕೆ ಗುಂಡಿಯ ತೂತು ಹೊಲಿಯಲು ಕೂತರು. ನೆಂಟರು ಬಂದ ದಾರಿ ಹಿಡಿದರು. ಒಂದಿಂಚು ಆ ದಿನ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತ. ದುಃಖಕ್ಕಷ್ಟೇ ಅಲ್ಲ, ಮನೆಯಲ್ಲಿ ಒಂದು ಜೀವ ಉಳಿಯಿತಲ್ಲ ಎಂಬುದಕ್ಕೂ ಅತ್ತ.

ಆದರೆ ನೋಡಿ, ಹೆಂಡತಿ ಇದ್ದಾಗ ಇಬ್ಬರ ನಡುವೆ ಓಡಾಡುತ್ತಿದ್ದವಳು ಅವಳೇ. “ಅಮ್ಮನಿಗೆ ಕನ್ನಡಕ ಬದಲಿಸಬೇಕಂತೆ,” “ಅವರು ಊಟಕ್ಕೆ ತಡ ಅಂತೆ ಕಣಮ್ಮಾ.” ಅತ್ತೆಯ ಮಾತು ಅಳಿಯನಿಗೆ, ಅಳಿಯನ ಮಾತು ಅತ್ತೆಗೆ ಅವಳ ಬಾಯಿಂದಲೇ ಹೋಗಬೇಕು. ಅವಳು ಹೋದ ಮೇಲೆ ಮಾತಿಗೆ ಕಾಲೇ ಇಲ್ಲದಂತಾಯಿತು. ಅತ್ತೆ ಗೋಡೆಯನ್ನು ನೋಡಿ “ಅನ್ನ ಆಗಿದೆ” ಅನ್ನುವರು. ಅಳಿಯ ಸೀಲಿಂಗ್ ಫ್ಯಾನಿಗೆ “ಬಂದೆ” ಅನ್ನುವನು. ಹೊಲಿದ ಬಟ್ಟೆಯನ್ನು ಅವನು ಸ್ಟೂಲಿನ ಮೇಲೆ ಇಟ್ಟರೆ ಸಂಜೆಯೊಳಗೆ ಗುಂಡಿ ಕಾಜಾ ಎಲ್ಲ ಆಗಿ ಅಲ್ಲೇ ಇರುತ್ತಿತ್ತು. ಪಕ್ಕದ ಮನೆಯ ಇಸ್ತ್ರಿ ಅಕ್ಕ ಇದನ್ನೆಲ್ಲ ನೋಡಿ, “ಇವರಿಬ್ಬರ ಸಂಸಾರ ಚೆನ್ನಾಗಿದೆ. ಕೇಳಿದ್ರೆ ಅಳಿಯ ಅಲ್ಲ, ಮಗಳ ಗಂಡ!” ಅಂತ ನಗುವಳು. ನಗಲಿ ಬಿಡಿ, ಅವಳಿಗೇನು ಗೊತ್ತು. ಅಡುಗೆಮನೆಯಿಂದ ಬರುವ ಕೆಮ್ಮು, ಪಾತ್ರೆಯ ಸದ್ದು ಕೇಳಿಸಿದರೆ ಸಾಕು, ಅವನ ಹೊಲಿಗೆ ನೆಟ್ಟಗೆ ಬರುತ್ತಿತ್ತು.

ಇನ್ನು ಬಚ್ಚಲಿನ ವಿಷಯ. ಹೆಂಡತಿಗೆ ಕೂತು ಏಳಲು ಆಗದಿದ್ದಾಗ ಅಲ್ಲಿ ಕಮೋಡು ಹಾಕಿಸಿದ್ದರು. ಅದರ ಸೀಟು ಯಾವಾಗಲೋ ಸಡಿಲವಾಗಿ ಅಲ್ಲಾಡುತ್ತಿತ್ತು. ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗಂಡಸು, ಎತ್ತಿಟ್ಟುಬಿಟ್ಟರೆ ಮುಗಿಯಿತು. ಕೂತಾಗ ಒಂದು ಪಕ್ಕಕ್ಕೆ ಭಾರ ಹಾಕದೆ ಕೂರುವುದು ರೂಢಿಯಾಗಿತ್ತು. ನಾಳೆ ನೋಡೋಣ ಅಂದುಕೊಳ್ಳುವನು. ಟೈಲರನ ನಾಳೆ ಎಂಥದ್ದು ಅಂತ ಬಟ್ಟೆ ಕೊಟ್ಟವರಿಗೆಲ್ಲ ಗೊತ್ತಿದೆ.

ಅತ್ತೆ ಒಮ್ಮೆ ಹೇಳಿದ್ದರು ಕೂಡ. ಗೋಡೆಗೇ ಹೇಳಿದ್ದು. “ಅಲ್ಲಿ… ಆ ಕಡೆ… ಸ್ವಲ್ಪ ಸಡಿಲ ಆಗಿರೋ ಹಾಗಿದೆ,” ಅಂದು ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ಅಳಿಯನಿಗೆ ಇಂಥದ್ದನ್ನು ಬಿಡಿಸಿ ಹೇಳುವುದುಂಟೇ? ಅಳಿಯನೂ ಬಿಡಿಸಿ ಕೇಳಲಿಲ್ಲ. ಬಚ್ಚಲಿಗೆ ಹೋದ, ನಲ್ಲಿ ತೊಟ್ಟಿಕ್ಕುತ್ತಿತ್ತು, ಇದೇ ಇರಬೇಕು ಅಂತ ಅದರ ವಾಷರ್ ಬದಲಿಸಿದ. “ಸರಿ ಮಾಡಿದೀನಿ,” ಅಂತ ಫ್ಯಾನಿಗೆ ಹೇಳಿದ. ಅತ್ತೆ “ಹೂಂ” ಅಂದರು. ಆಮೇಲೆ ಆ ಮಾತು ಎತ್ತಲಿಲ್ಲ.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಸೀಟು ಜಾರಿ ಅತ್ತೆ ಬಿದ್ದರು. ಅವನು ಶಾಲೆಯ ಸಮವಸ್ತ್ರದ ಅವಸರದಲ್ಲಿದ್ದ. ನೀರು ಕುಡಿಯಲು ಒಳಗೆ ಹೋದವನು ಬಚ್ಚಲ ಬಾಗಿಲು ಮುಚ್ಚಿದ್ದು ಕಂಡು, ಯಾಕೋ ಅನುಮಾನ ಬಂದು ತಟ್ಟಿದ. “ಏನಿಲ್ಲ, ಸ್ವಲ್ಪ ಜಾರ್ತು,” ಅಂತ ಒಳಗಿಂದ ಸಣ್ಣ ದನಿ. ಓಡಿಹೋಗಿ ಇಸ್ತ್ರಿ ಅಕ್ಕನನ್ನು ಕರೆತಂದ, ಅವಳು ಒಳಗೆ ಹೋಗಿ ಎತ್ತಿದಳು. ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ, “ಸದ್ಯ, ಬಿದ್ದ ತಕ್ಷಣ ನೋಡಿದೆ,” ಅಂತ ಹೇಳಿಕೊಂಡ. ಆಸ್ಪತ್ರೆಯಿಂದ ಮಗ ನೇರವಾಗಿ ತನ್ನ ಮನೆಗೆ ಕರೆದುಕೊಂಡು ಹೋದ.

ಆ ಮೂರು ತಿಂಗಳು ಒಂದಿಂಚು ಹೇಗಿದ್ದ ಅಂತ ಕೇಳಬೇಡಿ. ಹೊಲಿದ ಅಂಗಿಯನ್ನು ಅಭ್ಯಾಸಬಲದಿಂದ ಸ್ಟೂಲಿನ ಮೇಲೆ ಇಡುವನು. ಬೆಳಗ್ಗೆ ಎದ್ದು ನೋಡಿದರೆ ಗುಂಡಿಯಿಲ್ಲದೆ ಹಾಗೇ ಬಿದ್ದಿರುತ್ತಿತ್ತು. ಅನ್ನ ಒಬ್ಬನಿಗೆ ಎಷ್ಟು ಇಡಬೇಕೆಂದು ತಿಳಿಯದೆ ಇಬ್ಬರಿಗೆ ಇಟ್ಟು, ರಾತ್ರಿಯದನ್ನೇ ಬೆಳಗ್ಗೆಯೂ ನಿಂತುಕೊಂಡೇ ತಿನ್ನುವನು. ಗಿರಾಕಿಗಳು ಬಂದರೆ ಬೇಕೆಂದೇ ಎರಡು ಸಲ ಅಳತೆ ತೆಗೆಯುವನು, ಅಷ್ಟು ಹೊತ್ತಾದರೂ ಒಬ್ಬರು ನಿಂತಿರಲಿ ಅಂತ. ಸಂಜೆ ಬಾಗಿಲು ಹಾಕಿದ ಮೇಲೆ ಮನೆ ಭಣಭಣ. ಹೆಂಡತಿ ಸತ್ತಾಗಲೂ ಹೀಗೆ ಅನಿಸಿರಲಿಲ್ಲವಲ್ಲ ಅಂತ ಅವನಿಗೇ ನಾಚಿಕೆಯಾಗುತ್ತಿತ್ತು.

ಮಂಗಳವಾರ ಬಾಮೈದನ ಫೋನು ಬಂತು. “ಭಾವ, ಭಾನುವಾರ ಅಮ್ಮನ್ನ ಕರ್ಕೊಂಡು ಬರ್ತೀನಿ. ಅವರ ಸಾಮಾನು ಇದೆಯಲ್ಲ, ತಗೊಂಡು ಹೋಗೋಣ ಅಂತ.”

“ಎಲ್ಲ ಸಾಮಾನೂನಾ?”

“ಮತ್ತೇನು ಭಾವ? ಆ ಬಚ್ಚಲಿಗೆ ಮತ್ತೆ ಅವರನ್ನ ಬಿಡೋಕೆ ನನಗಂತೂ ಧೈರ್ಯ ಇಲ್ಲ. ಬೇಜಾರು ಮಾಡ್ಕೋಬೇಡಿ.”

ಫೋನು ಇಟ್ಟವನು ಕತ್ತರಿ ಹಿಡಿದುಕೊಂಡು ಸುಮ್ಮನೆ ನಿಂತ. ಬಚ್ಚಲು ತಾನೆ? ಬಚ್ಚಲೇ ತಾನೆ ಅಡ್ಡಿ? ಸೀಟು ಗಟ್ಟಿ ಮಾಡಿಬಿಟ್ಟರೆ ಬಾಮೈದನ ಬಾಯಿಯೂ ಮುಚ್ಚಿತು, ಅತ್ತೆಯೂ ಉಳಿದರು. ಭಾನುವಾರಕ್ಕೆ ಇನ್ನೂ ಐದು ದಿನವಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇವನಂಥವರನ್ನು ನೋಡಿಯೇ ಹುಟ್ಟಿದ ಗಾದೆ.

ಪ್ಲಂಬರನಿಗೆ ಹೇಳಿದ. ಪ್ಲಂಬರ್ ಬುಧವಾರ “ನಾಳೆ ಬೆಳಗ್ಗೆ ಫಸ್ಟ್ ನಿಮ್ಮದೇ” ಅಂದ. ಗುರುವಾರ “ಸಂಜೆ ಗ್ಯಾರಂಟಿ” ಅಂದ. ಸಂಜೆ ಫೋನೇ ಎತ್ತಲಿಲ್ಲ. ತಾನು ಮೂವತ್ತು ವರ್ಷ ಊರಿಗೆಲ್ಲ ಹೇಳಿದ ಮಾತನ್ನು ಈಗ ಬೇರೆಯವನ ಬಾಯಿಂದ ಕೇಳುವುದು ಕಷ್ಟವಾಗಿತ್ತು. ಶುಕ್ರವಾರ ಅಂಗಡಿಗೆ ಅರ್ಧ ಬಾಗಿಲು ಹಾಕಿ, ಮಿಷನ್ನಿನ ಪೆಟ್ಟಿಗೆಯಲ್ಲಿದ್ದ ಪಕ್ಕಡ್, ಸ್ಕ್ರೂಡ್ರೈವರ್ ಹಿಡಿದು ತಾನೇ ಬಚ್ಚಲಿಗೆ ಇಳಿದ.

ಕಮೋಡಿನ ಪಕ್ಕ ಮಂಡಿಯೂರಿ ಕೈ ಅಡಿಗೆ ಹಾಕಿ ತಡಕಿದ. ಹಿಂದುಗಡೆ ಎರಡು ಬೋಲ್ಟು, ಕೆಳಗಿನಿಂದ ಎರಡು ಪ್ಲಾಸ್ಟಿಕ್ ನಟ್ಟು. ಒಂದು ಕೈಯಲ್ಲೇ ತಿರುಗಿಬಂತು. ಇನ್ನೊಂದು ಸೀಳಿಹೋಗಿ ಬೋಲ್ಟಿಗೆ ಸುಮ್ಮನೆ ನೇತಾಡುತ್ತಿತ್ತು. ಸೀಟು ಎತ್ತಿದ. ಬೋಲ್ಟಿನ ಬುಡದಲ್ಲಿ, ಸೀಟಿಗೂ ಪಿಂಗಾಣಿಗೂ ನಡುವೆ, ಏನೋ ಮೆತ್ತಗೆ ಅಂಟಿಕೊಂಡಿತ್ತು. ಕೊಳೆ ಅಂದುಕೊಂಡು ಕೀಳಲು ಹೋದರೆ ಬಟ್ಟೆ.

ಹೊರಗೆ ತಂದು ನೀರಲ್ಲಿ ತೊಳೆದು ಬೆಳಕಿಗೆ ಹಿಡಿದ. ಬಟ್ಟೆಯ ಚೂರುಗಳು, ಒಂದರ ಮೇಲೊಂದು, ಒಟ್ಟು ಒಂಬತ್ತು. ಪ್ರತಿಯೊಂದರ ನಡುವೆ ಬೋಲ್ಟು ತೂರಲು ಗುಂಡಗೆ ತೂತು, ತೂತಿನ ಸುತ್ತ ಒತ್ತೊತ್ತಾಗಿ ಕಾಜಾ ಹೊಲಿಗೆ. ಅಂಚು ಬಿಚ್ಚಿಹೋಗದಂತೆ ನಾಲ್ಕೂ ಕಡೆ ಮಡಿಸಿ ಕೈಹೊಲಿಗೆ. ಅತ್ತೆಯ ಕೈ ಅವನಿಗೆ ಗೊತ್ತಿಲ್ಲವೇ? ಬಟ್ಟೆಯೂ ಗೊತ್ತಿತ್ತು. ಅಡಿಯದು ನೀಲಿ ಪಟ್ಟೆ, ಹೆಂಡತಿ ತೀರಿಕೊಂಡ ವರ್ಷದ ಶಾಲೆ ಸಮವಸ್ತ್ರ. ಅದರ ಮೇಲೆ ದಂತವೈದ್ಯರ ಕಿಟಕಿಯ ಹಳದಿ ಪರದೆ. ಆಮೇಲೆ ಚಪ್ಪಲಿ ಅಂಗಡಿಯವನ ಮಗಳ ಚುಕ್ಕಿ ಫ್ರಾಕು, ಬ್ಯಾಂಕಿನವರ ಕೋಟಿನ ಬೂದು ಒಳಬಟ್ಟೆ. ಎಲ್ಲಕ್ಕಿಂತ ಮೇಲಿನದು ಕಂದು ಚೌಕುಳಿ ಅಂಗಿ, ಅತ್ತೆ ಬೀಳುವ ಹಿಂದಿನ ವಾರ ಹೊಲಿದದ್ದು. ಸೀಟು ಅಲ್ಲಾಡಿದಾಗಲೆಲ್ಲ ಆ ಮುದುಕಿ ಒಂದು ಚೂರು ಹೊಲಿದು ಒಳಗೆ ಸೇರಿಸಿದ್ದರು. ಎರಡು ವರ್ಷ, ಅಳಿಯನಿಗೆ ಬಿಡಿಸಿ ಹೇಳಲಾರದೆ.

ಬಚ್ಚಲ ಹೊಸ್ತಿಲ ಮೇಲೆ ಕೂತು, “ಥೂ ನನ್ನ,” ಅಂತ ಗಟ್ಟಿಯಾಗಿ ಬೈದುಕೊಂಡ. ನಲ್ಲಿ ಸರಿಮಾಡಿದ್ದನಂತೆ ನಲ್ಲಿ!

ಎದ್ದು ಟೇಪು ತಂದ. ಕಮೋಡಿನ ಉದ್ದ ಅಳೆದ, ಅಗಲ ಅಳೆದ, ತೂತಿನಿಂದ ತೂತಿಗೆ ಎಷ್ಟು ಅಂತ ಅಳೆದ, ಎಲ್ಲವನ್ನೂ ಪುಸ್ತಕದಲ್ಲಿ ಬರೆದ. ಕೊಳಾಯಿ ಸಾಮಾನಿನ ಅಂಗಡಿಯಲ್ಲಿ ಅಳತೆ ಓದಿ ಹೇಳಿ, ಇರುವುದರಲ್ಲಿ ಗಟ್ಟಿಯಾದದ್ದನ್ನು ಆರಿಸಿ ತಂದು ಕೂರಿಸಿ ನೋಡಿದರೆ, ಸೀಟು ಮುಂದೆ ನಾಲಿಗೆ ಚಾಚಿಕೊಂಡು ನಿಂತಿದೆ. ಮುಂದಿನ ಅಂಚಿನ ಮೇಲೆ ಕೈ ಊರಿದರೆ ಹಿಂದೆ ಎದ್ದೇಳುತ್ತದೆ. ಮೊದಲಿನದೇ ವಾಸಿ. ಪುಸ್ತಕ ತೆಗೆದು ನೋಡಿದ. ನೋಡಿ ಹಣೆ ಬಡಿದುಕೊಂಡ. ಉದ್ದಕ್ಕೊಂದು ಇಂಚು, ಅಗಲಕ್ಕೊಂದು ಇಂಚು, ಕೈ ತನ್ನಷ್ಟಕ್ಕೆ ಸೇರಿಸಿ ಬರೆದುಬಿಟ್ಟಿತ್ತು.

ಶನಿವಾರ ಬೆಳಗ್ಗೆ ಮುಖ ಸಣ್ಣ ಮಾಡಿಕೊಂಡು ಅದೇ ಅಂಗಡಿಗೆ ಹೋದ. ಅಂಗಡಿಯವನು ಸೀಟನ್ನೂ ಅವನನ್ನೂ ನೋಡಿದ. “ಏನ್ರೀ ಒಂದಿಂಚು, ಪಿಂಗಾಣಿ ಏನು ಬೆಳೆಯುತ್ತಾ? ಇಲ್ಲ, ಸೀಟು ಒಗೆದ್ರೆ ಕುಗ್ಗುತ್ತಾ?” ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬೇರೆ ದಿನವಾಗಿದ್ದರೆ ಇವನೂ ಒಂದು ನಗೆಮಾತು ಬಿಡುತ್ತಿದ್ದ. ಅವತ್ತು, “ನಾಳೆ ನಮ್ಮತ್ತೆ ಬರ್ತಾರೆ. ಬದಲಾಯಿಸಿ ಕೊಡಪ್ಪ,” ಅಂದ, ಅಷ್ಟೆ. ಅಂಗಡಿಯವನ ನಗು ನಿಂತಿತು. ಒಳಗೆ ಹೋಗಿ ಸರಿಯಾದ ಸೀಟು ತಂದು, ಎರಡು ರಬ್ಬರ್ ವಾಷರನ್ನು ತಾನಾಗಿಯೇ ಮೇಲೆ ಇಟ್ಟು ಕೊಟ್ಟ. “ಮೊದಲು ನಟ್ಟು ಕೈಯಲ್ಲೇ ತಿರುಗಿಸಿ. ಸೀಟು ನಡುವಿಗೆ ಬಂತಾ ಅಂತ ನೋಡ್ಕೊಂಡು ಆಮೇಲೆ ಪಕ್ಕಡ್ ಹಾಕಿ. ಜಾಸ್ತಿ ಬಿಗಿದ್ರೆ ಪಿಂಗಾಣಿ ಬಿರುಕು ಬಿಡುತ್ತೆ.”

ಹಾಗೇ ಮಾಡಿದ. ವಾಷರ್ ಹಾಕಿ, ಕೈಯಲ್ಲಿ ತಿರುಗಿಸಿ, ಎಡಬಲ ನೋಡಿ, ಕಡೆಗೆ ಕಾಲು ಸುತ್ತು ಬಿಗಿದ. ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದ, ಅಲ್ಲಾಡಲಿಲ್ಲ. ಕೂತು ನೋಡಿದ. ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಒಂದಿಂಚಿನ ಕೆಲಸದಲ್ಲಿ ಜೀವನದಲ್ಲೇ ಮೊದಲ ಸಲ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಅದೇ ಉತ್ಸಾಹದಲ್ಲಿ ನೆಲ ತಿಕ್ಕಿದ, ಅತ್ತೆಯ ಕೋಣೆ ಗುಡಿಸಿದ, ಹಾಸಿಗೆಗೆ ಒಗೆದ ಹೊದಿಕೆ ಹಾಸಿದ.

ಭಾನುವಾರ ಹತ್ತು ಗಂಟೆಗೆ ಕಾರು ಬಂತು. ಅತ್ತೆ ವಾಕರ್ ಹಿಡಿದು ಒಂದೊಂದೇ ಹೆಜ್ಜೆಯಿಟ್ಟು ಒಳಗೆ ಬಂದರು. ಇಳಿದುಹೋಗಿದ್ದರು. ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತು ಸುತ್ತಲೂ ಒಮ್ಮೆ ನೋಡಿದರು. ಬಾಮೈದ ಕೋಣೆಗೆ ಹೋಗಿ ಟ್ರಂಕು, ಬಟ್ಟೆಯ ಗಂಟು ಕಟ್ಟತೊಡಗಿದ. ಒಂದಿಂಚಿಗೆ ಈಗ ಬೇರೆಯೇ ಪೀಕಲಾಟ. ಸೀಟು ಬದಲಿಸಿದ್ದೇನೆ, ಹೋಗಿ ಕೂತು ನೋಡಿ ಅಂತ ಅತ್ತೆಗೆ ಹೇಳುವುದು ಯಾವ ಬಾಯಿಂದ? ಅವರಾಗಿಯೇ ಹೋಗಬೇಕು. ನೀರು ಕೊಟ್ಟ. ಟೀ ಕೊಟ್ಟ. ಮತ್ತೆ ನೀರು ಕೊಟ್ಟ. ಇನ್ನೊಂದು ಲೋಟ ಟೀ ತಂದಾಗ ಟ್ರಂಕು ಹೊತ್ತು ಹೋಗುತ್ತಿದ್ದ ಬಾಮೈದ, “ಭಾವ, ಅಮ್ಮ ಏನು ಒಂಟೆನಾ?” ಅಂದ. ಅತ್ತೆ ಅದನ್ನೂ ಕುಡಿದರು.

ಕಡೆಗೂ ಎದ್ದರು. ವಾಕರಿನ ಟಕ್ ಟಕ್ ಬಚ್ಚಲ ಕಡೆಗೆ ಹೋಯಿತು, ಬಾಗಿಲು ಮುಚ್ಚಿತು. ಅವನು ಅಂಗಡಿಯಲ್ಲಿ ಮೈಯೆಲ್ಲ ಕಿವಿಯಾಗಿ ನಿಂತ. ನೀರಿನ ಸದ್ದು. ಬಾಗಿಲು. ಮತ್ತೆ ಟಕ್ ಟಕ್. ಅತ್ತೆ ನಡುವಿನ ಬಾಗಿಲವರೆಗೆ ಬಂದು ಸ್ಟೂಲಿನ ಮೇಲೆ ಕೂತರು.

“ಗಟ್ಟಿಯಾಗಿದೆ,” ಅಂದರು. ಗೋಡೆಗಲ್ಲ, ಅವನಿಗೇ.

“ಹೊಸದು ಅತ್ತೆ. ಬುಡಕ್ಕೆ ರಬ್ಬರ್ ಹಾಕಿದೀನಿ. ನಾನೇ ಕೂತು…” ಅಂದವನು ನಾಲಿಗೆ ಕಚ್ಚಿಕೊಂಡ. ಅತ್ತೆ ಸಣ್ಣಗೆ ನಕ್ಕರು.

“ನನ್ನ ತುಂಡುಗಳನ್ನ ನೋಡಿದ್ರಾ?”

“ನೋಡ್ದೆ.”

ಹೊರಗೆ ಬಾಮೈದ ಕಾರಿನ ಡಿಕ್ಕಿಯೊಳಗೆ ಟ್ರಂಕು ತಳ್ಳುವ ಸದ್ದು. ಈಗ ಬಿಟ್ಟರೆ ಇನ್ನಿಲ್ಲ ಅನಿಸಿತು ಅವನಿಗೆ.

“ಅತ್ತೆ, ಇಲ್ಲೇ ಇದ್ದುಬಿಡಿ. ಕಾಜಾ ಬೇಡ, ಅಡುಗೆ ಬೇಡ, ಏನೂ ಬೇಡ. ಸುಮ್ನೆ ಇರಿ ಸಾಕು. ಒಬ್ಬನೇ ಇರೋಕೆ ಆಗ್ತಿಲ್ಲ ನನಗೆ.”

ಇಷ್ಟು ಉದ್ದದ ಮಾತನ್ನು ಅವನು ಅತ್ತೆಗೆ ಯಾವತ್ತೂ ಆಡಿರಲಿಲ್ಲ. ಅತ್ತೆಯ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡರು.

“ಅಳಿಯಂದಿರೇ, ಒಂದು ಮಾತು. ಇದನ್ನ ಮಗನಿಗೂ ಹೇಳಿಲ್ಲ. ಅವತ್ತು ನೀವು ಬಾಗಿಲು ತಟ್ಟಿದಾಗ ನಾನು ಬಿದ್ದು ಒಂದು ಗಂಟೆ ಮೇಲಾಗಿತ್ತು.”

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ.

“ಮಿಷನ್ ಸದ್ದು ಕೇಳಿಸ್ತಾನೇ ಇತ್ತು. ನೀವು ಇಲ್ಲೇ ಇದೀರಿ ಅಂತ ಗೊತ್ತಿತ್ತು. ಕೂಗೋಣ ಅಂತ ಬಾಯಿ ತೆಗೀತೀನಿ, ಆಗ್ತಾ ಇಲ್ಲ. ಬಟ್ಟೆ ಬೇರೆ ಮೇಲೆ ಸರಿದಿತ್ತು. ನೋವಿಗಿಂತ ನಾಚಿಕೆ ಜಾಸ್ತಿ ಆಯ್ತು. ಬಟ್ಟೆ ಸರಿ ಮಾಡ್ಕೊಳ್ಳೋಕೇ ಅಷ್ಟು ಹೊತ್ತು ಹಿಡೀತು. ಆಮೇಲೂ ಕೂಗ್ಲಿಲ್ಲ.”

“ಅಯ್ಯೋ ಅತ್ತೆ… ಒಂದ್ಸಲ ಕೂಗಿದ್ರೆ ಓಡಿ ಬರ್ತಿದ್ನಲ್ಲ!”

“ಬರ್ತಿದ್ರಿ. ನನಗೆ ಗೊತ್ತು. ಆದ್ರೆ ಏನಂತ ಕೂಗ್ಲಿ?”

ಬೀದಿಯವರ ಹಾಗೆ ಒಂದಿಂಚು ಅಂತ ಕೂಗಲಾಗುತ್ತದೆಯೇ? ಅಳಿಯಂದಿರೇ ಅಂತ ನೆಲದ ಮೇಲೆ ಬಿದ್ದುಕೊಂಡು ಕಿರುಚಲಾಗುತ್ತದೆಯೇ? ಇಷ್ಟು ವರ್ಷದಲ್ಲಿ ಅತ್ತೆ ಅವನನ್ನು ದನಿ ಎತ್ತಿ ಕರೆದದ್ದೇ ಇಲ್ಲ.

“ಸೀಟು ಚೆನ್ನಾಗಿ ಕೂರಿಸಿದೀರಿ. ಆದ್ರೆ ನಾಳೆ ಅಡುಗೆಮನೇಲಿ ಬೀಳ್ತೀನಿ, ಇಲ್ಲ ಹಾಸಿಗೆಯಿಂದ ಬೀಳ್ತೀನಿ. ಆಗಲೂ ನಾನು ಕೂಗಲ್ಲ ಅಳಿಯಂದಿರೇ. ನನಗೆ ನನ್ನ ಬುದ್ಧಿ ಗೊತ್ತು. ಅಲ್ಲಿ ಮಗನಿಗೆ ಲೋ ಅಂತೀನಿ, ಸೊಸೆಗೆ ಬಾರೇ ಅಂತೀನಿ, ಹೆಸರು ಹಿಡಿದು ಬೈತೀನಿ, ಅವಳೇ ಬಂದು ಎತ್ತಿ ಕೂರಿಸ್ತಾಳೆ. ಬೇಕು ಅಂತ ಹೋಗ್ತಿರೋದಲ್ಲ. ನೀವು ತಪ್ಪು ತಿಳ್ಕೋಬಾರದು.”

“ಇಲ್ಲ ಅತ್ತೆ,” ಅಂದ.

ಬಾಮೈದ ಬಂದು, “ಹೊರಡೋಣ್ವಾಮ್ಮಾ?” ಅಂದ. ಅತ್ತೆ ಎದ್ದರು. ಒಂದಿಂಚು ವಾಕರನ್ನು ಅವರ ಮುಂದಿಟ್ಟ. ಕಾರಿನವರೆಗೂ ಅರ್ಧ ಹೆಜ್ಜೆ ಹಿಂದೆಯೇ ನಡೆದ, ಕೈ ಚಾಚಿಕೊಂಡು, ಆದರೆ ಮುಟ್ಟದೆ. ಬಾಮೈದ ತೋಳು ಹಿಡಿದು ತಾಯಿಯನ್ನು ಕೂರಿಸಿದ. ಬಾಗಿಲು ಮುಚ್ಚಿತು. ಕಾರು ಹೊರಟು ಇಸ್ತ್ರಿ ಅಕ್ಕನ ಮನೆ ದಾಟಿತು.

“ಅತ್ತೇ!”

ಅವನ ಗಂಟಲಿನಿಂದ ಅಂಥ ದನಿ ಬಂದದ್ದನ್ನು ಬೀದಿ ಕೇಳಿರಲಿಲ್ಲ. ಇಸ್ತ್ರಿ ಅಕ್ಕ ಪೆಟ್ಟಿಗೆ ಕೈಯಲ್ಲಿ ಹಿಡಿದೇ ಹೊರಗೆ ಬಂದಳು. ಕಾರು ಗಕ್ಕನೆ ನಿಂತಿತು. ಬಾಮೈದ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಏನು ಭಾವ? ಏನಾದ್ರೂ ಮರೆತ್ವಾ?” ಅಂದ. ಹಿಂದಿನ ಸೀಟಿನಲ್ಲಿ ಅತ್ತೆ ಕಷ್ಟಪಟ್ಟು ಕತ್ತು ತಿರುಗಿಸಿ ಅವನನ್ನೇ ನೋಡುತ್ತಿದ್ದರು.

“ಏನಿಲ್ಲ,” ಅಂದ ಒಂದಿಂಚು. “ಕೂಗಿ ನೋಡ್ದೆ ಅಷ್ಟೆ. ನೀವು ಹೊರಡಿ.”